ಬಿಳಿ ಗಾದಿ

ನನ್ನನ್ನು ನಿಭಾಯಿಸುವುದು ಹೇಗೆ ಎಂದು ಕಲಿಸಲು ನಮ್ಮ ಅಂಗಡಿಗೆ ಒಬ್ಬ ಮೇಡಂ ಬಂದರು. ಲ್ಯಾಪ್‌ಟಾಪ್ ತಂದರು. ಗೋಡೆಯ ಮೇಲೆ ಬೆಳಕು ಬಿಟ್ಟು ಚಿತ್ರ ತೋರಿಸಿದರು. ಮುಳ್ಳುಹಂದಿ, ಬಸವನಹುಳು, ಕಾಗೆ. ಕೆಲಸಗಾರರಲ್ಲಿ ಕಷ್ಟದವರು ಇಷ್ಟು ಬಗೆಯಂತೆ. ನಾನು ಮುಳ್ಳುಹಂದಿ. ಹಾಗಂತ ಯಾರೂ ಹೆಸರು ಹಿಡಿದು ಹೇಳಲಿಲ್ಲ, ಆದರೆ ಆ ಚಿತ್ರ ಬಂದಾಗ ಇಡೀ ಅಂಗಡಿ ನನ್ನ ಕಡೆ ತಿರುಗಿತು.

ತಿರುಗಲಿ. ಮುಳ್ಳುಹಂದಿಗೆ ಮುಳ್ಳು ಸುಮ್ಮನೆ ಬಂದಿರುವುದಿಲ್ಲ.

ನನ್ನ ಹೆಸರು ಸೀತಾಲಕ್ಷ್ಮಿ. ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ, ಕೆಲಸ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ದೊಡ್ಡ ಸೀರೆ ಅಂಗಡಿಯಲ್ಲಿ. ಸೇರಲು ಹೋದ ದಿನ ಮ್ಯಾನೇಜರ್ ಷಡಕ್ಷರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವ ಕಡೆಯವರು ಎಂದು ಕೇಳಿದ. ಭದ್ರಾವತಿ ಕಡೆ ಅಂದೆ. ಅದಲ್ಲ ಅಂದ. ಅದೇ ಸಾರ್ ಅಂದೆ. ಅವನಿಗೆ ಅರ್ಥವಾಯಿತು. ಅವನಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಬಾಯಿ ಚುರುಕಾಗಿದೆ, ಸೀರೆ ಮಾರುತ್ತಾಳೆ ಎಂದು ಇಟ್ಟುಕೊಂಡರು.

ಸೀರೆ ತೋರಿಸುವುದು ನನ್ನ ಕೆಲಸ ಎಂದು ಜನ ತಿಳಿಯುತ್ತಾರೆ. ಸುಳ್ಳು. ನನ್ನ ಕೆಲಸ ನಿಲ್ಲುವುದು. ಬೆಳಿಗ್ಗೆ ಷಟರ್ ಎತ್ತಿದಾಗ ನಿಂತರೆ ರಾತ್ರಿ ಷಟರ್ ಇಳಿಸುವವರೆಗೆ ನಿಂತೇ ಇರಬೇಕು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಬೀರುವಿಗೆ ಒಂದಿಷ್ಟು ಒರಗಿದರೆ ಷಡಕ್ಷರಪ್ಪ ಮೀಟರ್ ಕೋಲಿನಿಂದ ಮೇಜು ಕುಟ್ಟುತ್ತಾನೆ. ದನಕ್ಕಾದರೂ ಬಾಯಲ್ಲಿ ಹೈ ಅನ್ನುತ್ತಾರೆ, ನಮಗೆ ಕೋಲಿನ ಸದ್ದೇ ಸಾಕು. ಏಣಿ ಹತ್ತಿ ಅಟ್ಟದಿಂದ ಗಂಟು ಇಳಿಸಬೇಕು. ಬಿಚ್ಚಬೇಕು. ಹೆಗಲ ಮೇಲೆ ಹಾಕಿಕೊಂಡು ಗೊಂಬೆಯ ಹಾಗೆ ತಿರುಗಬೇಕು. ಗಿರಾಕಿ ಮೂಗು ಮುರಿದರೆ ನಗುತ್ತಲೇ ಮಡಚಬೇಕು. ನನ್ನ ಮೊಣಕಾಲಿನ ಹಿಂದೆ ನರಗಳು ಹಸಿರಾಗಿ ಗಂಟು ಕಟ್ಟಿವೆ. ಹಿಮ್ಮಡಿ ಒಡೆದಿದೆ. ಉಚ್ಚೆ ತಡೆದು ತಡೆದು ಕಿಬ್ಬೊಟ್ಟೆಯಲ್ಲಿ ಸದಾ ಒಂದು ಉರಿ. ವಾಪಸ್ ಹೋಗುವ ಬಸ್ಸಿನಲ್ಲೂ ಸೀಟಿಲ್ಲ. ಮನೆ ಹೊಕ್ಕ ಕೂಡಲೇ ನಮ್ಮಮ್ಮ ಹೇಳುವ ಮೊದಲ ಮಾತು, “ಉಕ್ಕಾರ್ ಡೀ.” ಅಮ್ಮನದು ತಮಿಳು. ಕೂತ್ಕೊಳ್ಳೇ ಅಂತ. ದಿನದಲ್ಲಿ ಆ ಮಾತು ನನ್ನ ಕಿವಿಗೆ ಬೀಳುವುದು ಅಲ್ಲೊಂದೇ ಕಡೆ.

ನಮ್ಮಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವನು. ಬೆಂಕಿಯ ಮುಂದೆ. ಅಲ್ಲಿ ಕೂಡ ಪಾಳಿಯ ನಡುವೆ ಕೂರಲು ಒಂದು ಕಬ್ಬಿಣದ ಬೆಂಚಿತ್ತು. ರೇಷ್ಮೆ ಮಾರುವ ಜಾಗದಲ್ಲಿ ಅದೂ ಇಲ್ಲ.

ಕೂರಲು ಜಾಗವೇ ಇಲ್ಲವೆಂದಲ್ಲ. ಅಂಗಡಿಯ ನಡುವೆ ಈ ಗೋಡೆಯಿಂದ ಆ ಗೋಡೆಗೆ ಗಾದಿ ಹಾಸಿದೆ. ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಹತ್ತಿಯ ಹಾಸಿಗೆ, ಬಿಳಿಯ ಹೊದಿಕೆ, ತಲೆಯ ಕಡೆ ಒಂದು ಲೋಡು. ಗಿರಾಕಿ ಅದರ ಮೇಲೆ ಕೂರುತ್ತಾರೆ. ಕೂತ ಕೂಡಲೇ ಅವರಿಗೆ ನೀರು ಕೊಡಬೇಕು, ಅದು ಅಂಗಡಿಯ ಪದ್ಧತಿ, ತರುವವರು ನಾವು ಹೆಂಗಸರು. ಸೇಲ್ಸಿನ ಗಂಡಸರು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚುತ್ತಾರೆ. ಯಜಮಾನರ ಮಗ ಜ್ಞಾನೇಶ್ ಲೋಡಿಗೆ ಒರಗಿ ಮೊಬೈಲ್ ನೋಡುತ್ತಾನೆ. ನಾವು ಮಾತ್ರ ಕೂರುವ ಹಾಗಿಲ್ಲ. ಗಾದಿ ಲಕ್ಷ್ಮಿಯ ಪೀಠವಂತೆ. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ, ಊದುಬತ್ತಿ. ಹೆಂಗಸರು ತಿಂಗಳು ತಿಂಗಳು ಮುಟ್ಟಾಗುವವರು, ಯಾವತ್ತು ಯಾರು ಎಂದು ಕೇಳುತ್ತಾ ಕೂರಲಾಗುತ್ತದೆಯೇ, ಆದ್ದರಿಂದ ಯಾರೂ ಯಾವತ್ತೂ ಕೂರುವುದು ಬೇಡ. ಇದು ಹಳೇ ಯಜಮಾನರು ಮಾಡಿದ ಕಟ್ಟಳೆ.

ಹಾಗಾದರೆ ಗಿರಾಕಿ ಹೆಂಗಸರು? ಮದುವೆ ಸೀರೆಗೆಂದು ಇಡೀ ದಿಬ್ಬಣವೇ ಬಂದು ಗಾದಿಯ ಮೇಲೆ ಕೂರುತ್ತದೆ. ಅವರನ್ನು ಒಬ್ಬರೂ ಕೇಳುವುದಿಲ್ಲ. ದುಡ್ಡು ಕೊಡುವ ಹೆಂಗಸಿಗೆ ಮುಟ್ಟಿಲ್ಲ, ದುಡ್ಡಿಗೆ ದುಡಿಯುವ ಹೆಂಗಸಿಗೆ ಮಾತ್ರ ಇದೆ. ಎಂಥ ಲಕ್ಷ್ಮಿಯೋ, ಅವಳಿಗೂ ಗಿರಾಕಿಯ ಮುಖ ನೋಡಿ ಮಣೆ ಹಾಕುವ ಬುದ್ಧಿ.

ತನುಜಾ ನನ್ನ ಪಕ್ಕದ ಬೀರುವಿನವಳು. ನವುಲೆಯ ಹತ್ತಿರ ಒಂದು ಕೋಣೆಯ ಮನೆ. ಗಂಡ ಗೋಡೆಗೆ ಬಣ್ಣ ಬಳಿಯುವವನು, ಮಳೆ ಹಿಡಿದರೆ ಕೆಲಸವಿಲ್ಲ. ಮಾತು ಕಡಿಮೆ. ಬೈದರೂ ಹೂಂ, ಹೊಗಳಿದರೂ ಹೂಂ. ಮೊದಲ ಬಸುರು, ಏಳನೇ ತಿಂಗಳು. ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಒಂದು ಸ್ಟೂಲ್ ಕೊಡಿ ಎಂದು ನಾನೇ ಷಡಕ್ಷರಪ್ಪನನ್ನು ಕೇಳಿದ್ದೆ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂದ. ಕೇಳುತ್ತಾರೆ ಮತ್ತೆ. ಕಾಲು ಎಲ್ಲರಿಗೂ ಇದೆ.

ಅವತ್ತು ಮಧ್ಯಾಹ್ನ ಒಂದು ಮದುವೆಯವರು ಬಂದಿದ್ದರು. ತನುಜಾ ಏಣಿ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಕೊನೆಗೆ ಗೋಡೆ ಹಿಡಿದಳು. ತುಟಿ ಬೆಳ್ಳಗಾಗಿತ್ತು. ನಾನು ಓಡಿ ಬರುವಷ್ಟರಲ್ಲಿ ಗಾದಿಯ ಅಂಚಿಗೆ ಕೂತಳು. ಕೂತಳೇನು ಬಂತು, ಬಿದ್ದಳು. ಷಡಕ್ಷರಪ್ಪ ಬಂದ. ನೀರು ತರಲಿಲ್ಲ. ಕೋಲು ಕುಟ್ಟಿ ಅವಳನ್ನು ಎಬ್ಬಿಸಿದ. ಮದುವೆಯವರನ್ನು ಆಚೆ ತುದಿಗೆ ಸರಿಸಿ, ಈಚೆಯ ಹೊದಿಕೆ ಎಳೆದು ಅವಳ ಕೈಗೆ ತುರುಕಿದ. ಕೆಡಿಸಿದವರೇ ಒಗೀಬೇಕು ಅಂದ.

ಹಿಂದಿನ ನಲ್ಲಿಯ ಹತ್ತಿರ ಅವಳು ಅಷ್ಟು ದೊಡ್ಡ ಹೊದಿಕೆ ಒಗೆದಳು. ಕುಕ್ಕರಗಾಲಲ್ಲಿ ಕೂರಲು ಹೊಟ್ಟೆ ಬಿಡಲಿಲ್ಲ, ಒರಟು ಸಿಮೆಂಟಿನ ಮೇಲೆ ಮಂಡಿಯೂರಿದಳು. ಒದ್ದೆಯಾದ ಬಟ್ಟೆ ಎತ್ತಲಾಗದೆ ಎದೆಗೆ ಅವಚಿಕೊಂಡು ಹಿಂಡಿದಳು. ಅವಳ ಲಂಗ, ಕುಪ್ಪಸ ಎಲ್ಲ ತೊಯ್ದುಹೋಯಿತು. ನಾನು ಕೈ ಹಾಕಲು ಹೋದೆ. ಗಿರಾಕಿ ಕಾಯುತ್ತಿದ್ದಾರೆ ಎಂದು ಷಡಕ್ಷರಪ್ಪ ಒಳಗಿನಿಂದ ಕರೆದ.

ಹೋದೆ. ಗಿರಾಕಿಯ ಮುಂದೆಯೇ ನಿಂತು ಅವನನ್ನು ಕೇಳಿದೆ.

“ಏಳು ತಿಂಗಳ ಬಸುರಿಗೆ ಎಲ್ಲಿಂದ ಬಂತು ಸಾರ್ ಮುಟ್ಟು?”

ಮದುಮಗಳು ಕಿಸಕ್ಕನೆ ನಕ್ಕಳು. ಅವಳ ಚಿಕ್ಕಮ್ಮನಿಗೆ ನಗು ಬರಲಿಲ್ಲ. ಧಾರೆ ಸೀರೆ ತೆಗೆಯೋ ಕಡೆ ಇದೆಂಥಾ ಮಾತು ಎಂದು ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ಅವರು ಎದುರು ಅಂಗಡಿಗೆ ಹೋದದ್ದನ್ನು ನಮ್ಮ ಗಾಜಿನ ಬಾಗಿಲಿನಿಂದ ಎಲ್ಲರೂ ನೋಡಿದೆವು. ಜ್ಞಾನೇಶನೂ ನೋಡಿದ.

ಮರುದಿನದಿಂದ ತನುಜಾಳನ್ನು ಬರಬೇಡ ಅಂದರು. ಬಾಣಂತನ ಮುಗಿಸಿಕೋ, ಆಮೇಲೆ ನೋಡೋಣ. ಆಮೇಲೆ ನೋಡೋಣ ಅಂದರೆ ಏನೆಂದು ನಮಗೆಲ್ಲ ಗೊತ್ತು. ಕೆಲಸದಲ್ಲಿ ಹೆಸರಿದ್ದರೆ ಹೆರಿಗೆ ರಜೆ ಉಂಟು, ಇ.ಎಸ್.ಐ. ಉಂಟು. ಹೆಸರು ಹೊಡೆದರೆ ಅವಳೂ ಇಲ್ಲ, ಹುಟ್ಟುವ ಮಗುವೂ ಇಲ್ಲ. ಮಳೆಗಾಲಕ್ಕೆ ಸರಿಯಾಗಿ ಹೆರಿಗೆ. ಗಂಡನ ಕೈಯಲ್ಲಿ ಆಗ ಕಾಸೂ ಇರುವುದಿಲ್ಲ.

ನನ್ನನ್ನು ಓಡಿಸಲಿಲ್ಲ. ಮದುವೆಯ ಕಾಲ, ನನ್ನ ಹಾಗೆ ಧಾರೆ ಸೀರೆ ಮಾರುವವರು ಅಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ನನ್ನ ಬಾಯಿ ಬೇಕು, ಅದು ಅವರು ಹೇಳಿದಾಗ ಮಾತ್ರ ತೆರೆಯಬೇಕು.

ಜ್ಞಾನೇಶ್ ಎಂಬಿಎ ಓದಿದವನು. ಕೂಗಾಡುವುದಿಲ್ಲ. ಗಾದಿಯ ಮೇಲೆ ತಾನು ಕೂತು ನನ್ನನ್ನು ಎದುರು ನಿಲ್ಲಿಸಿಕೊಂಡು, ಸೀತಕ್ಕಾ ನೀವು ನಮ್ಮ ಫ್ಯಾಮಿಲಿ ಇದ್ದ ಹಾಗೆ ಅಂದ. ಫ್ಯಾಮಿಲಿಯವರನ್ನು ಯಾರು ನಿಲ್ಲಿಸಿ ಮಾತಾಡಿಸುತ್ತಾರೆ ಎಂದು ಕೇಳಬೇಕೆನ್ನಿಸಿತು. ತನುಜಾಳ ಮುಖ ನೆನೆದು ನುಂಗಿಕೊಂಡೆ. ರಜೆಯ ದಿನ ಅಂಗಡಿಯಲ್ಲೇ ಒಂದು ಟ್ರೈನಿಂಗ್ ಇಟ್ಟಿದ್ದೇನೆ, ಎಲ್ಲರೂ ಬರುತ್ತಾರೆ, ನೀವು ಎಲ್ಲರ ಮುಂದೆ ಒಂದು ತಪ್ಪಾಯ್ತು ಅಂದುಬಿಡಿ ಅಂದ. ಅಂದರೆ? ಅಂದರೆ ತನುಜಾಳ ಹೆಸರು ಹೊಡೆಯುವುದಿಲ್ಲ. ಅವಳನ್ನೂ ಅವತ್ತು ಬರಲು ಹೇಳಿದ್ದೇನೆ, ಅವಳ ಕಣ್ಣೆದುರೇ ಆಗಲಿ ಅಂದ.

ಒಪ್ಪಿದೆ. ಒಂದು ಮಾತು ತಾನೇ. ಹೇಳಿದರೆ ಬಾಯಿಗೆ ಹುಳ ಬೀಳುವುದಿಲ್ಲ ಎಂದು ಬಸ್ಸಿನಲ್ಲಿ ಕಂಬ ಹಿಡಿದುಕೊಂಡು ನನಗೆ ನಾನೇ ಹೇಳಿಕೊಂಡೆ.

ಟ್ರೈನಿಂಗ್ ದಿನ ನಾನು ಮುಟ್ಟಾಗಿದ್ದೆ. ಎರಡನೇ ದಿನ. ನನಗೆ ಎರಡನೇ ದಿನವೇ ಜೋರು, ಸೊಂಟದಿಂದ ತೊಡೆಯವರೆಗೆ ಯಾರೋ ಹಿಂಡುತ್ತಿರುತ್ತಾರೆ. ಗಂಡಸರೆಲ್ಲ ಗಾದಿಯ ಮೇಲೆ ಕೂತಿದ್ದರು. ನಾವು ಹೆಂಗಸರು ಬೀರುವಿನ ಸಾಲಿಗೆ ನಿಂತಿದ್ದೆವು. ತನುಜಾ ಎಲ್ಲರಿಗಿಂತ ಕೊನೆಯಲ್ಲಿ, ಬಾಗಿಲ ಹತ್ತಿರ, ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ನಿಂತಿದ್ದಳು. ರಜೆಯ ದಿನವೂ ನಿಲ್ಲುವುದು ತಪ್ಪಲಿಲ್ಲ.

ಬಂದ ಮೇಡಂ ಹೆಸರು ಪ್ರಿಯದರ್ಶಿನಿ. ಕಾಲೇಜುಗಳಲ್ಲಿ ಕ್ಲಾಸು ತೆಗೆದುಕೊಳ್ಳುವವರಂತೆ. ಕೆಟ್ಟವರಲ್ಲ. ಬಂದವರೇ ಗಾದಿಯ ಮೇಲೆ ಕೂತು ಕಾಫಿ ಕುಡಿದರು, ನಾನೇ ತಂದುಕೊಟ್ಟೆ, ಥ್ಯಾಂಕ್ಸ್ ಅಂದರು. ಆಮೇಲೆ ಪಾಠ ಶುರುವಾಯಿತು. ಕಷ್ಟದ ಸಿಬ್ಬಂದಿಯನ್ನು ಬೈಯಬಾರದಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ತೆಗೆಸಬೇಕಂತೆ. ಸ್ಯಾಂಡ್‌ವಿಚ್ ಎಂದು ಒಂದು ಉಪಾಯವಿದೆಯಂತೆ. ಕೆಳಗೆ ಒಂದು ಹೊಗಳಿಕೆ, ಮೇಲೆ ಒಂದು ಹೊಗಳಿಕೆ, ನಡುವೆ ತಪ್ಪು. ತಿನ್ನುವವರಿಗೆ ಖಾರ ಗೊತ್ತಾಗಬಾರದು. ಷಡಕ್ಷರಪ್ಪ ಹೌದೌದು ಎಂದು ತಲೆಯಾಡಿಸುತ್ತಿದ್ದ. ಕೋಲು ತೊಡೆಯ ಮೇಲಿತ್ತು.

ಈಗ ಒಂದು ನಾಟಕ ಮಾಡೋಣ ಎಂದರು ಮೇಡಂ. ಜ್ಞಾನೇಶ್ ಯಜಮಾನ, ನಾನು ಕೆಲಸದವಳು. ನಾಟಕವೇನು ಬಂತು. ಜ್ಞಾನೇಶ್ ಪಾಠ ಒಪ್ಪಿಸಿದ. ಸೀತಕ್ಕಾ, ನಿಮ್ಮಷ್ಟು ಚೆನ್ನಾಗಿ ಸೀರೆ ತೋರಿಸುವವರಿಲ್ಲ. ಆದರೆ ಅಂಗಡಿಯ ಮರ್ಯಾದೆಯನ್ನು ಗಿರಾಕಿಯ ಮುಂದೆ ಕಳೆದಿರಿ. ಆದರೂ ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಹೇಳಿ ನನ್ನ ಮುಖ ನೋಡಿದ. ಎಲ್ಲರೂ ನೋಡಿದರು. ತಪ್ಪಾಯ್ತು ಅಂದೆ. ಚಪ್ಪಾಳೆ ತಟ್ಟಿದರು. ತನುಜಾಳೂ ತಟ್ಟಿದಳು, ಎರಡು ಬೆರಳು ಸೋಕಿದಷ್ಟು. ಆಯಿತಲ್ಲ, ಅವಳ ಹೆಸರು ಉಳಿಯಿತಲ್ಲ ಎಂದು ಉಸಿರು ಬಿಟ್ಟೆ. ಬಾಯೆಲ್ಲ ಕಹಿಯಾಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಮೇಡಂ ಈಗ ಉಲ್ಟಾ ಮಾಡಿ ಎಂದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯಬೇಕು, ಸಾರ್ ಕೆಲಸದವರಾಗಲಿ, ಇವರು ಯಜಮಾನರಾಗಲಿ. ನೀವು ಸಾರ್ ಜಾಗದಲ್ಲಿ ಕೂತ್ಕೊಳ್ಳಿ ಎಂದು ಗಾದಿ ತಟ್ಟಿ ತೋರಿಸಿದರು. ಪಾಪ, ಅವರಿಗೇನು ಗೊತ್ತು. ಷಡಕ್ಷರಪ್ಪನ ಮುಖ ಹುಳ್ಳಗಾಯಿತು. ಜ್ಞಾನೇಶ್ ಜಾಣ. ಬೇಡ ಮೇಡಂ, ಅವರು ನಿಂತೇ ಮಾಡ್ತಾರೆ, ಅವರಿಗೆ ಅಭ್ಯಾಸ ಇದೆ ಅಂದ.

ನಿಂತೆ. ನಿಂತೇ ಯಜಮಾನಿಯಾದೆ.

ಜ್ಞಾನೇಶ್ ಗಾದಿಯಿಂದ ಇಳಿದ. ಎಲ್ಲರನ್ನೂ ಒಂದು ಸಲ ನೋಡಿದ. ಪಕ್ಕದಲ್ಲಿದ್ದ ಮಡಚಿದ ಸೀರೆಯೊಂದನ್ನು ತೆಗೆದು ಷರ್ಟಿನೊಳಗೆ ತುರುಕಿಕೊಂಡ. ಹೊಟ್ಟೆ ಮುಂದೆ ಮಾಡಿ, ಒಂದು ಕೈ ಸೊಂಟದ ಮೇಲಿಟ್ಟು, ಕಾಲು ಎಳೆಯುತ್ತಾ ನಡೆದ.

“ಅಯ್ಯೋ ಸಾರ್, ತಲೆ ಸುತ್ತುತ್ತೆ ಸಾರ್. ಸ್ವಲ್ಪ ಕೂತ್ಕೋತೀನಿ ಸಾರ್.”

ಗಂಡಸರು ಬಿದ್ದು ಬಿದ್ದು ನಕ್ಕರು. ಷಡಕ್ಷರಪ್ಪ ಕಣ್ಣೊರೆಸಿಕೊಂಡ. ಮೇಡಂ ಕೂಡ ನಕ್ಕರು, ನಗುತ್ತಲೇ ಬಾಗಿಲ ಕಡೆ ನೋಡಿದರು, ಅಲ್ಲಿ ತನುಜಾಳ ಹೊಟ್ಟೆ ಕಂಡು ನಗು ನಿಲ್ಲಿಸಿದರು. ತನುಜಾ ಅಳಲಿಲ್ಲ. ತನ್ನ ಪಾದ ನೋಡುತ್ತಿದ್ದಳು. ಸೆರಗನ್ನು ಇನ್ನೊಂದು ಸುತ್ತು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಕದ್ದ ಮಾಲು ಮುಚ್ಚಿಕೊಂಡ ಹಾಗೆ.

ನನ್ನ ಮೈಯೆಲ್ಲ ಉರಿದುಹೋಯಿತು.

ಮೇಡಂ ಅವಸರದಲ್ಲಿ ಮಾತು ತಿರುಗಿಸಿದರು. ಹ್ಞಾಂ, ಯಜಮಾನರೇ, ಈಗ ಇವರನ್ನು ಹೇಗೆ ಹ್ಯಾಂಡಲ್ ಮಾಡ್ತೀರಾ ಎಂದು ನನ್ನನ್ನು ಕೇಳಿದರು.

ನಾನು ಗಾದಿಯ ಮೇಲೆ ಕೂತೆ.

ಅಂಚಿಗಲ್ಲ. ಮೇಲಕ್ಕೆ ಸರಿದು, ಕಾಲು ಮಡಚಿ, ಲೋಡಿಗೆ ಬೆನ್ನು ಕೊಟ್ಟು ಕೂತೆ. ಅದು ಎಷ್ಟು ಮೆತ್ತಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೊಂಟದ ನೋವು ಒಮ್ಮೆಗೇ ಸಡಿಲಾಯಿತು. ಅಷ್ಟು ಸುಖಕ್ಕೇ ಕಣ್ಣಲ್ಲಿ ನೀರು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಮೀಟರ್ ಕೋಲು ಕುಟ್ಟಿತು. ನಾನು ಕದಲಲಿಲ್ಲ. ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಷಡಕ್ಷರಪ್ಪ ನನ್ನ ರಟ್ಟೆಗೆ ಕೈ ಚಾಚಿಕೊಂಡೇ ಬಂದ.

“ನಾನಿವತ್ತು ಮುಟ್ಟಾಗಿದೀನಿ,” ಅಂದೆ. “ಎರಡನೇ ದಿನ. ಎಳೀತೀರಾ? ಎಳೀರಿ.”

ಅವನ ಕೈ ಅಲ್ಲೇ ನಿಂತಿತು. ಕೆಂಡ ಕಂಡವನ ಹಾಗೆ ಹಿಂದಕ್ಕೆ ತೆಗೆದುಕೊಂಡ. ಬೇರೆ ಯಾರನ್ನಾದರೂ ಕರೆಯಲು ಸುತ್ತ ನೋಡಿದ. ಗಂಡಸರೆಲ್ಲ ಎರಡೆರಡು ಹೆಜ್ಜೆ ಹಿಂದೆ ಸರಿದರು. ಯಾವ ಕಟ್ಟಳೆ ನನ್ನನ್ನು ಇಷ್ಟು ವರ್ಷ ಗಾದಿಯ ಮೇಲೆ ಕೂರಲು ಬಿಡಲಿಲ್ಲವೋ, ಅದೇ ಕಟ್ಟಳೆ ಈಗ ನನ್ನನ್ನು ಎಬ್ಬಿಸಲು ಬಿಡಲಿಲ್ಲ. ನನಗೆ ನಗು ಬಂತು.

ಮೇಡಂ ಏನಾಯಿತೆಂದು ಕೇಳಿದರು. ಹೇಳಿದೆ. ಗಾದಿಯ ಕಟ್ಟಳೆ ಹೇಳಿದೆ, ಹೊದಿಕೆ ಒಗೆಸಿದ್ದು ಹೇಳಿದೆ. ಬೆಳಿಗ್ಗೆ ಇಲ್ಲಿ ಕೂತು ಕಾಫಿ ಕುಡಿಯುವಾಗ ನಿಮ್ಮನ್ನು ಯಾರಾದರೂ ಕೇಳಿದರಾ ಮೇಡಂ ಎಂದೆ. ಅವರ ಮುಖ ಕೆಂಪಾಯಿತು. ಜ್ಞಾನೇಶನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಇದು ನಿಮ್ಮ ಇಂಟರ್ನಲ್ ಮ್ಯಾಟರ್ ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಗೋಡೆಯ ಮೇಲಿನ ಮುಳ್ಳುಹಂದಿ ಆರಿಹೋಯಿತು.

ಜ್ಞಾನೇಶ್ ಷರ್ಟಿನೊಳಗಿನ ಸೀರೆ ಎಳೆದು ಬಿಸಾಡಿದ. ನನ್ನನ್ನು ಬೈಯಲಿಲ್ಲ. ಬಾಗಿಲ ಕಡೆ ತಿರುಗಿದ. ದನಿ ಮೆತ್ತಗೆ ಮಾಡಿಕೊಂಡ.

“ತನುಜಾ, ನಿನ್ನ ಕೆಲಸ ಈಗ ಇವಳ ಕೈಲಿದೆ ನೋಡು. ಇವಳು ಎದ್ರೆ ನಿನ್ನ ಹೆಸರು ಇರುತ್ತೆ. ಇಲ್ಲಾಂದ್ರೆ ಇಬ್ಬರೂ ಮನೆಗೆ. ನೀನೇ ಹೇಳು ಅವಳಿಗೆ.”

ಕಷ್ಟದವರನ್ನು ನಿಭಾಯಿಸುವುದು ಹೀಗೆ. ಒಬ್ಬಳ ಹೊಟ್ಟೆಯನ್ನು ಇನ್ನೊಬ್ಬಳ ಕುತ್ತಿಗೆಗೆ ಕಟ್ಟಬೇಕು. ಇದನ್ನು ಕಲಿಯಲು ಅವನಿಗೆ ಯಾವ ಮೇಡಮ್ಮೂ ಬೇಕಿರಲಿಲ್ಲ.

ತನುಜಾ ತಲೆ ಎತ್ತಿದಳು.

“ಏಳಕ್ಕಾ,” ಅಂದಳು.

ಅವಳ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಬಂತು. ಯಾರಿಗಾಗಿ ಕೂತೆನೋ ಅವಳೇ ಏಳು ಅನ್ನುತ್ತಾಳಲ್ಲ ಎಂದು ಸಂಕಟವಾಯಿತು. ಅದೇ ಉಸಿರಿಗೆ ನಾಚಿಕೆಯೂ ಆಯಿತು. ನಾನು ಒಂಟಿ ಜೀವ, ಇಲ್ಲಿ ಬಿಟ್ಟರೆ ಇನ್ನೊಂದು ಅಂಗಡಿಯಲ್ಲಿ ನಿಂತೇನು. ಅವಳಿಗೆ ಮಳೆಗಾಲದ ಹೆರಿಗೆ. ಅವಳ ಕೆಲಸವನ್ನು ಅವಳನ್ನು ಕೇಳದೆ ಪಣಕ್ಕಿಡಲು ನಾನು ಯಾರು? ಏಳಲೇಬೇಕು. ಆದರೆ ಆ ಕೋಲಿನ ಸದ್ದಿಗೆ ಮಾತ್ರ ಏಳಲಾರೆ.

“ನೀನೇ ಬಂದು ಕೈ ಹಿಡಿದು ಎಬ್ಬಿಸು ಮಾರಾಯ್ತಿ,” ಅಂದೆ. “ಏಳ್ತೀನಿ.”

ಜ್ಞಾನೇಶ್ ಹೋಗು ಹೋಗು ಎಂದು ಅವಳಿಗೆ ದಾರಿ ಬಿಟ್ಟ. ಅವಳು ಬೀರುವಿನ ಸಾಲು ಹಿಡಿದುಕೊಂಡು ಬಂದಳು. ಒಂದೊಂದು ಹೆಜ್ಜೆಗೂ ಚಪ್ಪಲಿ ಕಚ್ಚುತ್ತಿತ್ತು. ಇಡೀ ಅಂಗಡಿ ನೋಡುತ್ತಿತ್ತು. ಗಾದಿಯ ಹತ್ತಿರ ಬಂದು ಕೈ ಚಾಚಿದಳು. ನಾನು ಏಳಲೆಂದು ಕಾಲು ಕೆಳಗೆ ಬಿಟ್ಟೆ.

ಅವಳು ಎಳೆಯಲಿಲ್ಲ.

ಅವಳ ಭಾರ ನನ್ನ ಕೈಯ ಮೇಲೆ ಬಂತು. ಬಸುರಿ ಹೆಂಗಸರು ಕೂರುವಾಗ ಏನನ್ನಾದರೂ ಊರಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ಊರಿಕೊಂಡು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು, ಮೆಲ್ಲಗೆ ನನ್ನ ಪಕ್ಕದಲ್ಲಿ ಕೂತಳು. ಉಸಿರು ಬಿಟ್ಟಳು. ಬಗ್ಗಲಾಗದೆ ಒಂದು ಪಾದದಿಂದ ಇನ್ನೊಂದರ ಚಪ್ಪಲಿ ತಳ್ಳಿ ಕಳಚಿದಳು. ಊದಿದ ಎರಡೂ ಕಾಲನ್ನು ಬಿಳಿ ಹೊದಿಕೆಯ ಮೇಲೆ ಚಾಚಿದಳು. ಪಟ್ಟಿ ಕಚ್ಚಿದ ಕಡೆ ಕೆಂಪು ಗೆರೆ ಎದ್ದಿತ್ತು.

ನಾಳೆಯಿಂದ ನಮ್ಮಿಬ್ಬರಿಗೂ ಕೆಲಸವಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನನ್ನ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

ಬೈದರೂ ಹೂಂ ಅನ್ನುತ್ತಿದ್ದ ಹುಡುಗಿ ಕೋಲು ಹಿಡಿದು ನಿಂತಿದ್ದವನ ಕಡೆ ನೋಡಿದಳು.

“ಷಡಕ್ಷರಪ್ಪನೋರೇ,” ಅಂದಳು. “ಕುಡಿಯೋಕೆ ಒಂದ್ ಲೋಟ ನೀರು ಕೊಡಿ.”